ಪಂಜರದಿಂದ ಬಿಡಿಸಿ ತಂದ ಕೋಳಿಗಳನ್ನು ಮಲೆನಾಡಿನ ಮಳೆಗಾಲ ದಾಟಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೊಟ್ಟೆ ಫಾರ್ಮುಗಳಲ್ಲಿ ಕೋಳಿಗೆ ಸಾಮಾನ್ಯವಾಗಿ 72ರಿಂದ 80 ವಾರ ತುಂಬುತ್ತಿದ್ದಂತೆ ಮಾಂಸಕ್ಕೆ ಮಾರಿಬಿಡುತ್ತಾರೆ. ಅಂಥ ಐದಾರನ್ನು ಕೊಂಡು ತಂದು, ಉಳಿದ ಆಯಸ್ಸನ್ನು ಹಿತ್ತಿಲಲ್ಲಿ ಕಳೆಯಲಿ ಎಂದು ಸಾಕುವವರು ನಮ್ಮ ಮಲೆನಾಡಿನಲ್ಲೂ ಇದ್ದಾರೆ. ಅವರ ಪ್ರಶ್ನೆ ಪ್ರತಿ ಮಳೆಗಾಲ ಒಂದೇ: "ಮೇ ತನಕ ಚೆನ್ನಾಗಿದ್ದವು. ಆರಿದ್ರಾ ಮಳೆ ಹಿಡಿದ ಮೇಲೆ ಒಂದೊಂದೇ ಮುದುಡಿ ಕೂತು ಸತ್ತವು. ಎಲ್ಲಿ ತಪ್ಪಿತು?"

ಹೆಚ್ಚಿನವರದು ತಪ್ಪುವುದು ಒಂದೇ ಕಡೆ. ಮಳೆ ಎಂದರೆ ಚಳಿ ಎಂದುಕೊಂಡು ಗೂಡನ್ನು ಸುತ್ತಲೂ ಟಾರ್ಪಾಲಿನಿಂದ ಬಿಗಿದುಬಿಡುತ್ತಾರೆ. ಒಳಗೆ ಹಿಕ್ಕೆಯ ತೇವ, ಉಸಿರಿನ ತೇವ ಎರಡೂ ಹೊರಗೆ ಹೋಗಲಾರದೆ ನೆಲಹಾಸಿಗೆ ಇಳಿಯುತ್ತವೆ. ಮೈಮೇಲೆ ಬಿದ್ದ ಮಳೆಗಿಂತ ಕಾಲಡಿಯ ಹಸಿಯೂ ಕಟ್ಟಿದ ಗಾಳಿಯೂ ಹೆಚ್ಚು ಕೋಳಿಗಳನ್ನು ಕೊಲ್ಲುತ್ತವೆ. ಕೆಳಗಿನ ಹಂತಗಳ ಗುರಿ ಎರಡೇ: ಕಾಲಡಿ ಒಣಗಿರಬೇಕು, ತಲೆಯ ಮೇಲೆ ಗಾಳಿ ಆಡುತ್ತಿರಬೇಕು. ಹಂತಗಳ ಕ್ರಮ ತಪ್ಪಿಸಬೇಡಿ. ಮೊದಲು ಕೋಳಿ ತಂದು ಆಮೇಲೆ ಗೂಡು ಕಟ್ಟಿದವರೇ ಹೆಚ್ಚು ಕಳೆದುಕೊಂಡಿದ್ದಾರೆ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಎಲ್ಲ ಅಳತೆಗಳನ್ನೂ 6 ಕೋಳಿಗಳಿಗೆ ಕೊಟ್ಟಿದ್ದೇನೆ.

ಶುರು ಮಾಡುವ ಮುನ್ನ: ಇವು ನಾಟಿ ಕೋಳಿಗಳಲ್ಲ

ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಎ4 ಕಾಗದದ ಹಾಳೆಗಿಂತ ಚಿಕ್ಕದು. ಅದು ಮಣ್ಣು ತುಳಿದಿಲ್ಲ, ಮಳೆ ನೋಡಿಲ್ಲ, ಕತ್ತಲಾದಾಗ ಗೂಡು ಸೇರಬೇಕೆಂದು ಕಲಿತಿಲ್ಲ. ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಎದೆ, ಬೆನ್ನು, ಕತ್ತಿನ ಗರಿಗಳು ಉದುರಿರುತ್ತವೆ. ವರ್ಷಪೂರ್ತಿ ಮೊಟ್ಟೆಚಿಪ್ಪಿಗೆ ಸುಣ್ಣದಂಶ ಕೊಟ್ಟು ಮೂಳೆ ಟೊಳ್ಳಾಗಿರುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಪಂಜರದ ಕೋಳಿಯ ಹಿಕ್ಕೆ ಕಂಬಿಗಳ ಸಂದಿಯಿಂದ ಕೆಳಗೆ ಬಿದ್ದುಹೋಗುತ್ತದೆ. ಹಾಗಾಗಿ ಹಿಕ್ಕೆಯಿಂದ ಹರಡುವ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಕಾಯಿಲೆಯ ರೋಗಾಣು, ಜಂತುಹುಳು ಇವುಗಳ ಪರಿಚಯ ಅದರ ದೇಹಕ್ಕೆ ಹೆಚ್ಚುಕಡಿಮೆ ಇರುವುದೇ ಇಲ್ಲ. ನಾಟಿ ಕೋಳಿ ಮರಿಯಾಗಿದ್ದಾಗಲೇ ಮಣ್ಣು ಕೆದಕಿ ಪಡೆದ ತಡೆಶಕ್ತಿ ಇದಕ್ಕಿಲ್ಲ. ಅಂಥದನ್ನು ಜುಲೈ ತಿಂಗಳ ಕೆಸರಿಗೆ ನೇರ ಬಿಟ್ಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಂತ 1: ತರುವ ತಿಂಗಳನ್ನು ಮೊದಲು ಗೊತ್ತುಮಾಡಿ

ತರಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಉದುರಿದ ಗರಿ ಪೂರ್ತಿ ಮೂಡಲು ಸುಮಾರು 8ರಿಂದ 12 ವಾರ ಬೇಕು. ಫಾರ್ಮಿನಲ್ಲಿ ದೀಪ ಹಾಕಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಕೊಟ್ಟಿರುತ್ತಾರೆ. ಮನೆಗೆ ತಂದಾಗ ಬೆಳಕು ಒಮ್ಮೆಲೇ ಕಡಿಮೆಯಾಗಿ, ಹಲವು ಕೋಳಿಗಳು ಇದ್ದ ಗರಿಯನ್ನೂ ಉದುರಿಸಲು ತೊಡಗುತ್ತವೆ. ಮೇ ಕೊನೆಗೆ ತಂದರೆ ಈ ಗರಿ ಬಿಡುವ ಕಾಲ ಸರಿಯಾಗಿ ಮೃಗಶಿರ, ಆರಿದ್ರಾ ಮಳೆಗೆ ಬಂದು ಕೂರುತ್ತದೆ. ಮೈಮೇಲೆ ಗರಿಯಿಲ್ಲದ ಹಕ್ಕಿ, ಹೊರಗೆ ಬಿಡದ ಮಳೆ. ಸಾವುಗಳು ಹೆಚ್ಚು ಕಾಣುವುದು ಈ ಜೋಡಿಯಲ್ಲೇ.

ಜೂನ್, ಜುಲೈನಲ್ಲಿ ಯಾರಾದರೂ "ನಾಳೆ ಮಾರ್ತಾರೆ, ತಗೊಂಡು ಹೋಗ್ತೀರಾ?" ಎಂದು ಕೇಳಿದರೆ, ಪೂರ್ತಿ ಒಣಗಿದ ಕೊಟ್ಟಿಗೆಯ ಮೂಲೆಯೋ ಖಾಲಿ ಅಡಕೆ ದಾಸ್ತಾನು ಕೋಣೆಯೋ ಇದ್ದರೆ ಮಾತ್ರ ಹೂಂ ಎನ್ನಿ. ಆ ಕೋಳಿಗಳು ಸೆಪ್ಟೆಂಬರ್ ತನಕ ಒಳಗೇ ಇರಬೇಕಾಗುತ್ತದೆ ಎಂದು ಮನಸ್ಸಿಗೆ ತಂದುಕೊಂಡೇ ಒಪ್ಪಬೇಕು.

ಹಂತ 2: ರೋಹಿಣಿ ಮಳೆಗೆ ಮೊದಲೇ ಕೂಡಿಡಬೇಕಾದ ಸಾಮಾನು

ಮಳೆ ಹಿಡಿದ ಮೇಲೆ ಒಣ ಹೊಟ್ಟು ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಬೂಸ್ಟು ಹಿಡಿದಿರುತ್ತದೆ. ಮೇ 20ರ ಒಳಗೆ ಇವಿಷ್ಟು ಮನೆಯಲ್ಲಿರಲಿ:

- ಮರ ಹೆರೆದ ಒಣ ಸಿಪ್ಪೆ ಮತ್ತು ಭತ್ತದ ಹೊಟ್ಟು, ಎರಡೂ ಸೇರಿ ಕನಿಷ್ಠ 12 ದೊಡ್ಡ ಚೀಲ
- ಬೇಸಿಗೆಯಲ್ಲೇ ಗುಡಿಸಿ ತುಂಬಿಟ್ಟ ಒಣ ದರಗು (ಉದುರಿದ ಎಲೆ), ಐದಾರು ಚೀಲ
- ಅರ್ಧ ಇಂಚಿನ ವೆಲ್ಡ್ ಮೆಶ್, ಚಿಲಕ, ಕೀಲು
- ನಿಪ್ಪಲ್ (ಕೊಕ್ಕು ತಾಗಿದರೆ ನೀರು ಹನಿಸುವ ಪುಟ್ಟ ನಳಿಕೆ) ಜೋಡಿಸಿದ ಮುಚ್ಚಳದ ಬಕೆಟ್
- ಆಹಾರಕ್ಕೆ ಬಿಗಿ ಮುಚ್ಚಳದ ಡ್ರಮ್ಮು
- ಕಟ್ಟಿಗೆಯ ಒಣ ಬೂದಿ ಮತ್ತು ಒಣ ಮರಳು, ತಲಾ ಒಂದು ಚೀಲ
- ಚಿಪ್ಪಿನ ಪುಡಿ, ಚಿಕ್ಕ ತಕ್ಕಡಿ, ಟಾರ್ಚು, ಎರಡು ಹಳೆ ಟವೆಲ್, ಗಾಳಿಯಾಡುವ ಒಂದು ದೊಡ್ಡ ಬುಟ್ಟಿ

ಗರಗಸದ ಸಣ್ಣ ಪುಡಿ ಬೇಡ. ಹೊಸದಾಗಿ ಬಂದ ಕೋಳಿ ಅದನ್ನು ಆಹಾರವೆಂದು ತಿಂದು ಗುಳಬೆ (ಕತ್ತಿನ ಬುಡದ ಆಹಾರದ ಚೀಲ) ಕಟ್ಟಿಕೊಳ್ಳುತ್ತದೆ. ಪ್ಲೈವುಡ್ ಕಾರ್ಖಾನೆಯ ಪುಡಿಯಂತೂ ಅಂಟು, ರಾಸಾಯನಿಕ ಬೆರೆತದ್ದು, ಹತ್ತಿರ ತರಬೇಡಿ.

ಹಂತ 3: ಜಾಗ ಆರಿಸಿ, ನೀರು ತಿರುಗಿಸಿ

ನಮ್ಮ ಕಡೆ ಅಡಕೆ ತೋಟ ಇರುವುದೇ ಕಣಿವೆಯ ತಗ್ಗಿನಲ್ಲಿ. "ತೋಟದಲ್ಲಿ ನೆರಳಿದೆ, ಹುಳ ಸಿಗುತ್ತದೆ" ಎಂದು ಅಲ್ಲಿ ಗೂಡು ಕಟ್ಟಬೇಡಿ. ಮಳೆಗಾಲದಲ್ಲಿ ಬಸಿಗಾಲುವೆ ತುಂಬಿದಾಗ ಅಲ್ಲಿನ ನೆಲ ವಾರಗಟ್ಟಲೆ ಜಿನುಗುತ್ತಿರುತ್ತದೆ. ಮನೆಯ ಹಿತ್ತಿಲಲ್ಲಿ, ಧರೆಯ ಬುಡ ಬಿಟ್ಟು, ಸ್ವಲ್ಪ ಏರು ಇರುವ ಕಡೆ ನೋಡಿ. ಹಿಂದಿನ ಮಳೆಗಾಲದಲ್ಲಿ ಅಲ್ಲಿ ಪಾಚಿ ಎಷ್ಟು ಕಟ್ಟಿತ್ತು ಎಂದು ನೆನಪಿಸಿಕೊಂಡರೆ ಸಾಕು, ಜಾಗದ ಗುಣ ತಿಳಿಯುತ್ತದೆ.

ಗೂಡಿನ ನೆಲ ಸುತ್ತಲ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರ ಇರಲಿ. ಜಂಬಿಟ್ಟಿಗೆ ಕಲ್ಲಿನ ಎರಡು ವರಸೆ ಕಟ್ಟಿ, ಒಳಗೆ ಜಲ್ಲಿ ತುಂಬಿ, ಮೇಲೆ ಗಟ್ಟಿ ನೆಲ ಮಾಡಿದರೆ ಬಾಳಿಕೆ ಬರುತ್ತದೆ. ಖರ್ಚು ಕಡಿಮೆ ಬೇಕೆಂದರೆ ಕಲ್ಲಿನ ಕಂಬಗಳ ಮೇಲೆ ಹಲಗೆ ಹಾಸಬಹುದು. ಆಗ ಹಲಗೆಯಡಿ ಹೆಗ್ಗಣ ಸೇರದಂತೆ ಮೆಶ್ ಹೊಡೆಯಲೇಬೇಕು.

ಮೇಲ್ಭಾಗದಲ್ಲಿ, ಗೂಡಿನಿಂದ ಮೂರಡಿ ದೂರದಲ್ಲಿ ಒಂದಡಿ ಆಳದ ಕಾಲುವೆ ತೆಗೆದು ಎರಡೂ ಬದಿಗೆ ನೀರು ಇಳಿಯುವಂತೆ ಮಾಡಿ. ಚಾವಣಿಯ ನೀರಿನದು ಬೇರೆ ಲೆಕ್ಕ. 100 ಚದರಡಿ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಸುತ್ತಮುತ್ತ ಜುಲೈನಲ್ಲಿ 100 ಮಿಲಿಮೀಟರ್ ಎಂಬುದು ದೊಡ್ಡ ಮಳೆಯೇ ಅಲ್ಲ. ಅಷ್ಟೂ ನೀರು ಗೂಡಿನ ಬುಡಕ್ಕೇ ಬಿದ್ದರೆ ಯಾವ ನೆಲಹಾಸೂ ಉಳಿಯದು. ಅಡಕೆ ದಬ್ಬೆಯದೋ ಪಿವಿಸಿಯದೋ ಒಂದು ದೋಣಿಯನ್ನು (ನೀರು ಹರಿಯುವ ತೋಡು) ಸೂರಿನಡಿ ಕಟ್ಟಿ ನೀರನ್ನು ದೂರಕ್ಕೆ ಬಿಡಿ.

ಹಂತ 4: ಗೂಡು ಮತ್ತು ಮುಚ್ಚಿದ ಅಂಗಳ

ಮಲಗುವ ಗೂಡು 6 ಅಡಿಗೆ 4 ಅಡಿ. ಅದಕ್ಕೆ ತಾಗಿಕೊಂಡು 10 ಅಡಿಗೆ 6 ಅಡಿಯ, ಚಾವಣಿ ಇರುವ, ಸುತ್ತ ಮೆಶ್ ಹೊಡೆದ ಅಂಗಳ. ಈ ಎರಡನೆಯದನ್ನು ದುಂದು ಎಂದು ಬಿಡುವವರಿದ್ದಾರೆ. ಹತ್ತು ದಿನ ಮಳೆ ಬಿಡದಿದ್ದಾಗ ಕೋಳಿಗಳ ಪ್ರಪಂಚವೆಲ್ಲ ಅದೇ. ಅದಿಲ್ಲದಿದ್ದರೆ ಇಕ್ಕಟ್ಟಿನಲ್ಲಿ ಒಂದರ ಗರಿ ಒಂದು ಕಿತ್ತು, ರಕ್ತ ಬರುವ ತನಕ ಕುಕ್ಕಿಕೊಳ್ಳುತ್ತವೆ. ಹಣ ಕಡಿಮೆಯಿದ್ದರೆ ಗೂಡನ್ನು ಸಾದಾ ಮಾಡಿ, ಅಂಗಳಕ್ಕೆ ಚಾವಣಿ ಹಾಕಿ.

ಚಾವಣಿಯ ಸೂರು ಮೂರಡಿ ಹೊರಗೆ ಚಾಚಿರಬೇಕು. ಮುಂಗಾರು ಇರಚಲು ಬರುವುದು ನೈಋತ್ಯದಿಂದ. ಆ ಬದಿಗೆ ಅಡಕೆ ಸೋಗೆಯ ತಟ್ಟಿಯನ್ನೋ ಹಲಗೆಯನ್ನೋ ನೆಲದಿಂದ ಮೂರಡಿ ಎತ್ತರದವರೆಗೆ ಕಟ್ಟಿ. ಅದರ ಮೇಲೆ ಚಾವಣಿಯವರೆಗಿನ ಜಾಗ ಬರೀ ಮೆಶ್ ಇರಲಿ. ಪೂರ್ವ, ಈಶಾನ್ಯದ ಬದಿ ತೆರೆದೇ ಇರಲಿ. ಕೋಳಿ ಕೂರುವ ಎತ್ತರದಲ್ಲಿ ಗಾಳಿ ನೇರ ಬೀಸಬಾರದು, ಅದರ ತಲೆಗಿಂತ ಮೇಲೆ ರಾತ್ರಿಯೂ ಗಾಳಿ ಆಡುತ್ತಿರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, 6 ಕೋಳಿಗಳು ದಿನಕ್ಕೆ ಹಾಕುವ ಹಿಕ್ಕೆ ಸುಮಾರು ಮುಕ್ಕಾಲು ಕಿಲೋ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಒಂದು ಹನಿ ಮಳೆ ಒಳಗೆ ಬೀಳದಿದ್ದರೂ ದಿನಾ ಅರ್ಧ ಲೀಟರಿಗಿಂತ ಹೆಚ್ಚು ನೀರು ನೆಲಹಾಸಿಗೆ ಸೇರುತ್ತಿರುತ್ತದೆ. ಅದು ಹೊರಗೆ ಹೋಗಲು ಗಾಳಿಯೊಂದೇ ದಾರಿ.

ತಗಡಿನ ಚಾವಣಿಯಾದರೆ ಅಡಿಗೆ ಸೋಗೆ ಹೊದಿಸಿ. ಬರೀ ತಗಡಿನ ಒಳಮೈ ಬೆಳಗಿನ ಜಾವ ಬೆವರಿ, ಹನಿ ಹನಿಯಾಗಿ ಕೋಳಿಯ ಬೆನ್ನ ಮೇಲೇ ತೊಟ್ಟಿಕ್ಕುತ್ತದೆ.

ಬಾಗಿಲು, ಕಿಟಕಿ, ಬುಡದ ಸಂದಿ ಎಲ್ಲದಕ್ಕೂ ವೆಲ್ಡ್ ಮೆಶ್ಶೇ ಬೇಕು. ಷಟ್ಕೋನದ ಕೋಳಿ ಜಾಲರಿಯನ್ನು ನಾಯಿ ಹಲ್ಲಿನಿಂದ ಹರಿಯುತ್ತದೆ, ಮುಂಗುಸಿ ಅದರ ಸಡಿಲ ಅಂಚಿನಲ್ಲಿ ನುಸುಳುತ್ತದೆ. ಮೋಡ ಕವಿದ ದಿನ ಸಂಜೆ ಐದಕ್ಕೇ ಕತ್ತಲು ಬಂದಂತಿರುತ್ತದೆ, ಕಬ್ಬೆಕ್ಕು ಬೇಗ ಹೊರಡುತ್ತದೆ. ಬಾಗಿಲು ಹಾಕಲು ಗಡಿಯಾರ ನೋಡಬೇಡಿ, ಬೆಳಕು ನೋಡಿ.

ಹಂತ 5: ನೆಲಹಾಸು

ಇಡೀ ಮಳೆಗಾಲದ ಹಣೆಬರಹ ಇರುವುದು ಇಲ್ಲಿ. ಅವಸರ ಮಾಡದೆ ಓದಿ.

ಮೇ ಕೊನೆಯ ವಾರ, ನೆಲ ಪೂರ್ತಿ ಒಣಗಿರುವಾಗ, ಹೆರೆದ ಸಿಪ್ಪೆ ಎರಡು ಪಾಲು, ಭತ್ತದ ಹೊಟ್ಟು ಒಂದು ಪಾಲು ಬೆರೆಸಿ 5 ಇಂಚು ದಪ್ಪ ಹಾಸಿ. ಸಿಪ್ಪೆ ನೀರು ಹೀರುತ್ತದೆ, ಹೊಟ್ಟು ಅದು ಗಟ್ಟಿ ಕಟ್ಟದಂತೆ ಸಡಿಲ ಇಡುತ್ತದೆ. ದಿನಾ ಬೆಳಿಗ್ಗೆ ಕೈಗುದ್ದಲಿಯಿಂದ ಒಮ್ಮೆ ಮಗುಚಿ. ಕೋಳಿಗಳು ಕೂರುವ ಜಾಗದ ಕೆಳಗೆ ಒಂದು ಹಲಗೆ ಇಟ್ಟು, ರಾತ್ರಿಯ ಹಿಕ್ಕೆಯನ್ನು ಬೆಳಿಗ್ಗೆಯೇ ಕೆರೆದು ಹೊರಹಾಕಿದರೆ ಅರ್ಧಕ್ಕರ್ಧ ತೇವ ಅಲ್ಲೇ ತಪ್ಪಿತು.

ತೇವ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಡ. ಗೂಡಿನ ನಡುವಿನಿಂದ, ನೀರಿನ ಬಕೆಟ್ಟಿನ ಪಕ್ಕದಿಂದ, ನೈಋತ್ಯ ಮೂಲೆಯಿಂದ ಒಂದೊಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಚ್ಚಿ. ಉಂಡೆ ಕಟ್ಟಿ ಹಾಗೇ ನಿಂತರೆ ಹಸಿ ಹೆಚ್ಚಾಯಿತು. ಸ್ವಲ್ಪ ಅಂಟಿದಂತಾಗಿ ಬೆರಳು ಬಿಚ್ಚಿದೊಡನೆ ಉದುರಿದರೆ ಸರಿಯಾಗಿದೆ. ಅಂಟದೆ ಧೂಳೆದ್ದರೆ ತೀರಾ ಒಣಗಿದೆ, ಮಳೆಗಾಲದಲ್ಲಿ ಇದು ಅಪರೂಪ.

ಹಲಗೆಯಂತೆ ಗಟ್ಟಿಯಾದ ಹೊರಪದರ ಕಂಡರೆ ಮಗುಚಲು ಹೋಗಬೇಡಿ. ಅಷ್ಟನ್ನೂ ಎಬ್ಬಿಸಿ ಹೊರಗೆ ಹಾಕಿ, ಅಡಿಯ ನೆಲ ಒರೆಸಿ, ಹೊಸ ಒಣ ಹೊಟ್ಟು ತುಂಬಿ. ಒಳ್ಳೆಯ ಹಾಸಿನ ಜತೆ ಬೆರೆಸಿದರೆ ಕೆಟ್ಟದ್ದು ಒಳ್ಳೆಯದನ್ನೂ ಕೆಡಿಸುತ್ತದೆ.

ಇನ್ನೊಂದು ಪರೀಕ್ಷೆ ಮೂಗಿನದು. ನಿಂತು ಮೂಸಿದರೆ ಸಾಲದು. ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆ ಇರುವ ಎತ್ತರಕ್ಕೆ ಮುಖ ತಂದು ಒಂದು ನಿಮಿಷ ಇರಿ. ಕಣ್ಣು ಉರಿದರೆ, ಮೂಗಿಗೆ ಖಾರ ಹೊಡೆದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಮಿತಿ ಮೀರಿದೆ. ಕೋಳಿಗಳು ಇಡೀ ರಾತ್ರಿ ಅದನ್ನೇ ಉಸಿರಾಡುತ್ತವೆ. ಅವುಗಳ ಕಣ್ಣಲ್ಲಿ ನೊರೆ, ಸೀನು, ಗೊರಗೊರ ಶಬ್ದ ಶುರುವಾಗುವುದು ಇಲ್ಲಿಂದ.

ಇಲ್ಲಿ ಮೂರು ತಪ್ಪುಗಳನ್ನು ಮತ್ತೆ ಮತ್ತೆ ನೋಡುತ್ತೇನೆ. ಮೊದಲನೆಯದು, ದನದ ಕೊಟ್ಟಿಗೆಗೆ ಹಾಸುವಂತೆ ಹಸಿ ಸೊಪ್ಪು ಹಾಸುವುದು. ಕೊಟ್ಟಿಗೆಯಲ್ಲಿ ಗೊಬ್ಬರವಾಗಲಿ ಎಂದೇ ಸೊಪ್ಪು ಹಾಸುತ್ತೇವೆ, ಕೋಳಿಗೂಡಿನಲ್ಲಿ ಅದೇ ಕೊಳೆತ ರೋಗಕ್ಕೆ ದಾರಿ. ಎರಡನೆಯದು, ಒಣಹುಲ್ಲು. ಅದು ನೀರು ಹೀರುವುದಕ್ಕಿಂತ ಬೂಸ್ಟು ಹಿಡಿಯುವುದೇ ಬೇಗ, ಆ ಬೂಸ್ಟಿನ ಪುಡಿ ಕೋಳಿಯ ಶ್ವಾಸಕೋಶಕ್ಕೆ ಇಳಿದರೆ ಔಷಧಿಯೂ ನಾಟುವುದಿಲ್ಲ. ಮೂರನೆಯದು, ಹಸಿ ಹಾಸಿನ ಮೇಲೆ ಸುಣ್ಣ ಎರಚುವುದು. ಸುಣ್ಣ ತೇವವಿರುವ ಹಿಕ್ಕೆಗೆ ಬಿದ್ದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ, ಅಂಗಾಲೂ ಸುಡುತ್ತದೆ. ಸುಣ್ಣ ಬಳಸುವುದಾದರೆ ಹಾಸು ಪೂರ್ತಿ ತೆಗೆದು, ಬರಿನೆಲಕ್ಕೆ ತೆಳ್ಳಗೆ ಬಳಿದು, ಒಣಗಿದ ಮೇಲೆ ಹೊಸ ಹಾಸು ಹಾಕಿ.

ಹಂತ 6: ಮೊದಲ ಎರಡು ವಾರ ಗೂಡಿನೊಳಗೇ

ತಂದ ದಿನ ನಾಟಿ ಕೋಳಿಗಳ ಜತೆ ಬಿಡಬೇಡಿ. 3ರಿಂದ 4 ವಾರ ಬೇರೆ ಇಡಿ, ಪಾತ್ರೆ ಬೇರೆ, ಚಪ್ಪಲಿ ಬೇರೆ. ಫಾರ್ಮಿನ ಕೋಳಿ ನೋಡಲು ಆರೋಗ್ಯವಾಗಿದ್ದರೂ ಉಸಿರಾಟದ ಕಾಯಿಲೆ ಹೊತ್ತಿರಬಹುದು, ನಿಮ್ಮ ನಾಟಿ ಕೋಳಿ ಅದಕ್ಕೆ ಜಂತು ಕೊಡಬಹುದು.

ನೀರು ಕುಡಿಯುತ್ತಿವೆಯೇ ಎಂದು ಮೊದಲ ದಿನವೇ ಕೂತು ನೋಡಿ. ಪಂಜರದಲ್ಲಿ ನಿಪ್ಪಲಿನಿಂದ ಕುಡಿದು ಅಭ್ಯಾಸ ಇರುವ ಕೋಳಿಗೆ ಬೋಗುಣಿಯ ನೀರು ನೀರೆಂದೇ ಗೊತ್ತಾಗದೆ ಇರಬಹುದು. ನಿಪ್ಪಲ್ ಬಕೆಟ್ ಅವಕ್ಕೂ ಪರಿಚಿತ, ನೆಲಕ್ಕೂ ಒಳ್ಳೆಯದು, ಚೆಲ್ಲುವುದು ಬಹಳ ಕಡಿಮೆ. ಕೊಕ್ಕು ಕತ್ತರಿಸಿದ್ದರಿಂದ ನೆಲದ ಮೇಲಿನ ಕಾಳು ಹೆಕ್ಕಲಾರವು, ಆಳದ ಪಾತ್ರೆಯಲ್ಲಿ ಎರಡು ಇಂಚು ಆಹಾರ ತುಂಬಿಡಿ.

ಕೂರುವ ಕೋಲು ಮೊದಲ ವಾರಗಳಲ್ಲಿ ನೆಲದಿಂದ 6 ಇಂಚಿಗಿಂತ ಎತ್ತರ ಬೇಡ. ಟೊಳ್ಳು ಮೂಳೆಯ ಕೋಳಿ ಮೂರಡಿ ಎತ್ತರದಿಂದ ಹಾರಿದರೆ ಕಾಲು, ಎದೆಮೂಳೆ ಮುರಿಯುತ್ತದೆ. ಕೋಲು 2 ಇಂಚು ಅಗಲ, ಅಂಚು ಉಜ್ಜಿದ್ದು ಇರಲಿ. ಒಂದೆರಡು ತಿಂಗಳ ಮೇಲೆ ಒಂದೂವರೆ ಅಡಿಗೆ ಏರಿಸಬಹುದು, ಅದಕ್ಕಿಂತ ಮೇಲೆ ಯಾವತ್ತೂ ಬೇಡ.

ಉಗುರು ಸುರುಳಿ ಸುತ್ತಿದ್ದರೆ ತುದಿ ಮಾತ್ರ ಕತ್ತರಿಸಿ. ಪ್ರತಿಯೊಂದನ್ನೂ ತೂಗಿ ಬರೆದಿಡಿ. ಗರಿ ಮುಚ್ಚಿಕೊಂಡ ಮೇಲೆ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ತಿಳಿಯುತ್ತದೆ.

ಹಂತ 7: ಮಣ್ಣಿಗೆ ಇಳಿಸುವುದು

ಇದನ್ನು ಒಣ ತಿಂಗಳುಗಳಲ್ಲೇ ಮಾಡಿ ಮುಗಿಸಬೇಕು. ಮೂರನೆಯ ವಾರದಿಂದ ದಿನಕ್ಕೆ ಒಂದು ಗಂಟೆ ಶುರುಮಾಡಿ, ಮಾರ್ಚ್ ಹೊತ್ತಿಗೆ ಅರ್ಧ ದಿನಕ್ಕೆ ತನ್ನಿ. ಹೀಗೆ ಸ್ವಲ್ಪ ಸ್ವಲ್ಪವೇ ಮಣ್ಣಿನ ರೋಗಾಣುಗಳ ಪರಿಚಯವಾಗಿ ಮೈ ಗಟ್ಟಿಯಾಗುತ್ತದೆ.

ಇದೇ ಹೊತ್ತಿನಲ್ಲಿ ಕರೆದರೆ ಬರುವುದನ್ನು ಕಲಿಸಿ. ಒಂದು ಡಬ್ಬಿಗೆ ಮೆಕ್ಕೆಜೋಳದ ನುಚ್ಚು ಹಾಕಿ, ಅಲ್ಲಾಡಿಸಿ, ಗೂಡಿನೊಳಗೆ ಮಾತ್ರ ಹಾಕಿ. ಈ ಕೋಳಿಗಳು ಮಳೆ ಬಂದರೆ ಓಡಿ ಒಳಗೆ ಬರುವುದಿಲ್ಲ, ನಿಂತಲ್ಲೇ ಕತ್ತು ಕುಗ್ಗಿಸಿ ತೊಯ್ಯುತ್ತ ನಿಲ್ಲುತ್ತವೆ. ಡಬ್ಬಿಯ ಸದ್ದೇ ಅವನ್ನು ಒಳಗೆ ತರಬೇಕು.

ಜೂನಿನ ಮೇಲೆ ಹೊರಗೆ ಬಿಡುವುದು ಮಳೆ ಬಿಟ್ಟು ಹೊಳವಾದಾಗ ಮಾತ್ರ. ಹಿತ್ತಿಲನ್ನು ಎರಡು ಮೂರು ಪಾಲು ಮಾಡಿ ಸರದಿಯಲ್ಲಿ ಬಿಡಿ, ಒಂದೇ ಜಾಗ ತುಳಿದು ಕೆಸರಾದರೆ ಅಲ್ಲಿ ಹುಲ್ಲು ಮತ್ತೆ ಏಳುವುದಿಲ್ಲ. ಬಾಗಿಲ ಮುಂದೆ, ಓಡಾಡುವ ದಾರಿಯಲ್ಲಿ ಅಡಕೆ ಸಿಪ್ಪೆ ಅಥವಾ ತೆಂಗಿನ ಸಿಪ್ಪೆ ದಪ್ಪಗೆ ಹಾಸಿ. ಇವು ಹೊರಗೆ ಮಾತ್ರ, ಗೂಡಿನೊಳಗೆ ಬೇಡ, ಒಳಗೆ ಬೂಸ್ಟು ಕಟ್ಟುತ್ತವೆ. ವಾಪಸು ಬಂದಾಗ ಕಣ್ಣಿನ ಸುತ್ತ, ಕಾಲ್ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಇದೆಯೇ ನೋಡಿ ಉಗುರಿನಿಂದ ಸರಿಸಿ ತೆಗೆಯಿರಿ. ಕಣ್ಣಿನ ಹತ್ತಿರ ಉಪ್ಪು, ಸುಣ್ಣ ಹಾಕಬೇಡಿ.

ಧೂಳುಸ್ನಾನಕ್ಕೆ ಅಂಗಳದ ಒಣ ಮೂಲೆಯಲ್ಲಿ ಒಂದು ಅಗಲ ಬೋಗುಣಿ ಇಟ್ಟು, ಮರಳು ಮೂರು ಪಾಲು, ಬೂದಿ ಒಂದು ಪಾಲು ತುಂಬಿ. ಹೇನು ತಡೆಯಲು ಇದೇ ದಾರಿ. ಬೂದಿ ಒದ್ದೆಯಾದರೆ ಚರ್ಮ ಸುಡುವ ಕ್ಷಾರವಾಗುತ್ತದೆ, ಕೂಡಲೇ ಬದಲಿಸಿ.

ಹಂತ 8: ಆಹಾರ

ಫಾರ್ಮಿನಲ್ಲಿ ಕೊಡುವ ಲೇಯರ್ ಫೀಡನ್ನೇ (ಮೊಟ್ಟೆಕೋಳಿಯ ಆಹಾರ) ಮುಂದುವರಿಸಿ, ದಿನಕ್ಕೆ ಒಂದಕ್ಕೆ 100ರಿಂದ 120 ಗ್ರಾಂ. ಬದಲಿಸುವುದಾದರೆ 7ರಿಂದ 10 ದಿನ ಬೆರೆಸುತ್ತ ಬದಲಿಸಿ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿರಲಿ, ಬೇಕಾದಷ್ಟು ತಿನ್ನುತ್ತವೆ. ಅನ್ನ, ಅಡುಗೆ ಮನೆಯ ಮಿಕ್ಕಿದ್ದು ಒಂದು ಹಿಡಿಗಿಂತ ಹೆಚ್ಚಾದರೆ ಹಿಕ್ಕೆ ತೆಳ್ಳಗಾಗಿ ಹಾಸು ಬೇಗ ಕೆಡುತ್ತದೆ.

ಮಳೆಗಾಲದ ನಿಜವಾದ ಅಪಾಯ ಬೂಸ್ಟು ಹಿಡಿದ ಆಹಾರ. ಮೆಕ್ಕೆಜೋಳ, ಶೇಂಗಾ ಹಿಂಡಿಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಯಕೃತ್ತು ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೂ ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. 15 ದಿನಕ್ಕಾಗುವಷ್ಟು ಮಾತ್ರ ಕೊಳ್ಳಿ, ಡ್ರಮ್ಮನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಎಷ್ಟೇ ಬೆಲೆಯದಾದರೂ ಗುಂಡಿಗೆ ಹಾಕಿ.

ಮೊಟ್ಟೆ ನಿಂತರೆ ಗಾಬರಿ ಬೇಡ. ಬೆಳಕು ಕಡಿಮೆ, ಗರಿ ಮೂಡುವ ಕೆಲಸ ಬೇರೆ, ಮೈ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ. ದೀಪ ಹಾಕಿ ಒತ್ತಾಯದಿಂದ ಇಡಿಸಬೇಡಿ, ಇವುಗಳಿಂದ ಈಗಾಗಲೇ ಸಾಕಷ್ಟು ಪಡೆದಾಗಿದೆ.

ಹಂತ 9: ತೋಟದ ವಿಷಗಳಿಂದ ದೂರ

ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿನ ಆರಂಭದಲ್ಲಿ, ಮತ್ತೆ 40ರಿಂದ 45 ದಿನಕ್ಕೆ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಕೋಳಿಗೆ ವಿಷ. ಹೊಡೆಯುವ ದಿನ ಮತ್ತು ಮುಂದೆ ಒಂದು ವಾರ ಕೋಳಿಗಳು ಮುಚ್ಚಿದ ಅಂಗಳದಲ್ಲೇ ಇರಲಿ. ದ್ರಾವಣ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀಲಿ ನೀರಿಗೆ ಮಣ್ಣು ಮುಚ್ಚಿ, ಕೋಳಿಗೆ ನೀರಿಡುವ ಪಾತ್ರೆಯನ್ನು ಆ ಕೆಲಸಕ್ಕೆ ಬಳಸಬೇಡಿ.

ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ತುಣುಕು, ಬಾಳೆ, ಶುಂಠಿಯ ಬುಡಕ್ಕೆ ಹಾಕುವ ಹರಳು ಕೀಟನಾಶಕ, ಇಲಿ ಪಾಷಾಣ ಎಲ್ಲವೂ ಕೋಳಿಯ ಕಣ್ಣಿಗೆ ಕಾಳಿನಂತೆಯೇ ಕಾಣುತ್ತವೆ. ನೆರೆಯವರನ್ನೂ ಕೇಳಿ ತಿಳಿದುಕೊಳ್ಳಿ.

ಹಂತ 10: ಕೋಳಿ ತೊಯ್ದು ತೊಪ್ಪೆಯಾದರೆ

ತೆಳ್ಳಗೆ ಹನಿ ಬಿದ್ದ ಕೋಳಿ ತಾನೇ ಮೈ ಕೊಡವಿ ಸರಿಯಾಗುತ್ತದೆ. ಚರ್ಮದವರೆಗೆ ಒದ್ದೆಯಾಗಿ, ನಡುಗುತ್ತಿದ್ದರೆ, ಕಾಲು ಮುಟ್ಟಿದಾಗ ತಣ್ಣಗಿದ್ದರೆ ತಡ ಮಾಡಬೇಡಿ. ಕೋಳಿಯ ಮೈ ಬಿಸಿ ಸಾಮಾನ್ಯವಾಗಿ ಸುಮಾರು 41 ಡಿಗ್ರಿ, ಅದು ಇಳಿದರೆ ಬೇಗ ಕುಸಿಯುತ್ತದೆ.

ಮೊದಲು ಟವೆಲಿನಿಂದ ಗರಿಯ ದಿಕ್ಕಿನಲ್ಲೇ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಆಮೇಲೆ ಒಣ ಹೊಟ್ಟು ಹಾಕಿದ ಬುಟ್ಟಿಯಲ್ಲಿ ಕೂರಿಸಿ, ಬಚ್ಚಲೊಲೆಯಿಂದ ಐದಾರು ಅಡಿ ದೂರ, ಹೊಗೆ ತಾಗದ ಕಡೆ ಇಡಿ. ಒಲೆಗೆ ತೀರಾ ಹತ್ತಿರ ಇಟ್ಟರೆ ಒಮ್ಮೆಲೇ ಬಿಸಿಯೇರಿ ಆಘಾತವಾಗುತ್ತದೆ. ಕರೆಂಟ್ ಇದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಬಹುದು. ಚೇತರಿಸಿಕೊಂಡು ತಲೆ ಎತ್ತಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ. ಬಾಯಿ ಬಿಡಿಸಿ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಪೂರ್ತಿ ಒಣಗುವ ತನಕ ಗೂಡಿಗೆ ಬಿಡಬೇಡಿ, ರೆಕ್ಕೆಯಡಿ ಕೈ ಹಾಕಿ ನೋಡಿಯೇ ಬಿಡಿ.

ಹಂತ 11: ಎಚ್ಚರಿಕೆಯ ಲಕ್ಷಣಗಳು

ಕೋಳಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಯಾವುದು ಕೊನೆಗೆ ಹೊರಬಂತು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಗರಿ ಉಬ್ಬಿಸಿ, ಬಾಲ ಇಳಿಸಿ, ಕಣ್ಣು ಅರೆಮುಚ್ಚಿ ಒಂಟಿಯಾಗಿ ನಿಂತಿದ್ದರೆ ಆ ಹೊತ್ತೇ ಬೇರೆ ಮಾಡಿ.

ಹಿಕ್ಕೆಯಲ್ಲಿ ರಕ್ತ ಅಥವಾ ಕಂದು ಲೋಳೆ ಕಂಡರೆ ಕಾಕ್ಸಿಡಿಯೋಸಿಸ್ ಇರಬಹುದು. ಅದರ ಮೊಟ್ಟೆಗಳು ಬೆಚ್ಚಗಿನ ಹಸಿ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಹಿಕ್ಕೆಯ ಮಾದರಿಯೊಂದಿಗೆ ಪಶು ಆಸ್ಪತ್ರೆಗೆ ಹೋಗಿ, ಆಂಪ್ರೋಲಿಯಂ ಎಂಬ ಔಷಧಿ ಕೊಡುವುದಾದರೆ ಪ್ರಮಾಣ ವೈದ್ಯರೇ ಹೇಳಲಿ. ಹಾಸು ಬದಲಿಸದೆ ಔಷಧಿ ಮಾತ್ರ ಕೊಟ್ಟರೆ ಮತ್ತೆ ಬರುತ್ತದೆ. ಔಷಧಿ ಕೊಟ್ಟಾಗ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿ ತಿಳಿಯಿರಿ.

ಕುಂಟುತ್ತಿದ್ದರೆ ಅಂಗಾಲು ತಿರುಗಿಸಿ ನೋಡಿ. ನಡುವೆ ಕಪ್ಪು ಹೊಪ್ಪಳೆ, ಸುತ್ತ ಊತ ಇದ್ದರೆ ಹಸಿನೆಲದಲ್ಲಿ ಮೆತ್ತಗಾದ ಚರ್ಮಕ್ಕೆ ಸೋಂಕು ತಗುಲಿದೆ. ಜುಟ್ಟು, ಮುಖದ ಮೇಲೆ ಗಂಟು ಗಂಟು ಹುಣ್ಣು ಸೊಳ್ಳೆಯಿಂದ ಹರಡುವ ಕೋಳಿ ಸಿಡುಬಿನ ಗುರುತು, ಕೀಳಬೇಡಿ. ಹೊಟ್ಟೆಯ ಕೆಳಭಾಗ ನೀರು ತುಂಬಿದ ಚೀಲದಂತೆ ಊದಿ, ಬಾತಿನಂತೆ ನಡೆದರೆ ಮೊಟ್ಟೆ ಒಳಗೇ ಒಡೆದು ಸೋಂಕಾಗಿರಬಹುದು. ಹೆಚ್ಚು ಮೊಟ್ಟೆ ಇಟ್ಟು ದಣಿದ ಕೋಳಿಗಳಲ್ಲಿ ಇದು ಸಾಮಾನ್ಯ, ಮಳೆಯ ತಪ್ಪಲ್ಲ. ಒಳಗೊಳಗೇ ಬಳಲಲು ಬಿಡದೆ ವೈದ್ಯರ ಹತ್ತಿರ ಮಾತಾಡಿ.

ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು ಕಂಡರೆ ಕೊಕ್ಕರೆ ರೋಗವೆಂದು (ರಾಣಿಖೇತ್) ಶಂಕಿಸಿ. ಫಾರ್ಮಿನಲ್ಲಿ ಲಸಿಕೆ ಹಾಕಿರುತ್ತಾರೆ, ಅದರ ಬಲ ಕಾಲಕ್ರಮೇಣ ಇಳಿಯುತ್ತದೆ. ಏಪ್ರಿಲ್‌ನಲ್ಲೇ ಮರುಲಸಿಕೆಯ ಬಗ್ಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಮುಟ್ಟಬೇಡಿ, ಕೊಯ್ಯಬೇಡಿ, ಹೊಳೆಗೆ ಎಸೆಯಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ, 1962 ಸಹಾಯವಾಣಿಗೆ ಕರೆ ಮಾಡಬಹುದು. ಯಾವ ರೋಗವೆಂದು ಶವಪರೀಕ್ಷೆಯಿಂದ ಖಚಿತವಾದರೆ ಉಳಿದವನ್ನು ಉಳಿಸಿಕೊಳ್ಳಲು ದಾರಿ ಸಿಗುತ್ತದೆ.

ವಾರಕ್ಕೊಮ್ಮೆ ರಾತ್ರಿ ಟಾರ್ಚು ಹಿಡಿದು ಕೂರುವ ಕೋಲಿನ ಅಡಿಭಾಗ, ಸಂದುಗಳನ್ನು ನೋಡಿ. ಕೆಂಪು ಉಣ್ಣೆ ಹಗಲು ಮರದ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಬಿಳಿ ಕಾಗದದಿಂದ ಒರೆಸಿದಾಗ ಕೆಂಪು ಗೆರೆ ಮೂಡಿದರೆ ಇದೆಯೆಂದು ಅರ್ಥ. ಕೋಲು ಬಿಚ್ಚಿ ಕುದಿನೀರು ಸುರಿಯಿರಿ.

ಪ್ರತಿ ಸಲ ಗೂಡಿಂದ ಹೊರಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳಿಗೂ ಇದೇ ರೂಢಿ ಮಾಡಿಸಿ.

ಹಂತ 12: ಮಳೆ ಹೊಳವಾದ ಮೇಲೆ

ಸೆಪ್ಟೆಂಬರ್ ಕೊನೆಗೆ ನಾಲ್ಕು ದಿನ ಬಿಸಿಲು ಸಿಕ್ಕರೆ ಗೂಡು ಪೂರ್ತಿ ಖಾಲಿ ಮಾಡಿ. ನೆಲ ಕೆರೆದು, ತೊಳೆದು, ಸುಣ್ಣ ಬಳಿದು, ಒಣಗಿದ ಮೇಲೆಯೇ ಹೊಸ ಹಾಸು. ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟು, ಜಂತು ಇದ್ದರೆ ವೈದ್ಯರು ಹೇಳಿದ ಔಷಧಿ ಹಾಕಿ. ಎಲ್ಲವನ್ನೂ ಮತ್ತೆ ತೂಗಿ ಹಿಂದಿನ ತೂಕದೊಂದಿಗೆ ಹೋಲಿಸಿ, ಇಳಿದಿರುವವಕ್ಕೆ ಒಂದು ತಿಂಗಳು ಬೇರೆ ಪಾತ್ರೆಯಲ್ಲಿ ಹೆಚ್ಚು ಆಹಾರ ಕೊಡಿ.

ತೆಗೆದ ಹಾಸನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ದರಗಿನ ಜತೆ ಪದರ ಪದರವಾಗಿ ಗುಂಡಿಗೆ ಹಾಕಿ, ತಿಂಗಳಿಗೊಮ್ಮೆ ಮಗುಚಿ, ಮೂರು ನಾಲ್ಕು ತಿಂಗಳು ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ತರಕಾರಿ ಮಡಿಗೆ ಬಳಸಿ. ಸೊಪ್ಪು, ಮೂಲಂಗಿಯಂತೆ ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಿತ್ತನೆಗೆ ಬಹಳ ಮೊದಲೇ ಮಣ್ಣಿಗೆ ಸೇರಿಸಬೇಕು, ಬೆಳೆ ನಿಂತ ಮೇಲೆ ಹಾಕಬಾರದು.